ಹಿಂಬದಿ ಎತ್ತಿದರೆ ಭಾರ ಇಳಿದೀತೆ?

ಎತ್ತಿನ ಗಾಡಿಗೆ ಹೇರು ಹೇರುವ ರೈತನ ಕಣ್ಣು ಮೊದಲು ಹೋಗುವುದು ನೊಗದ ಕಡೆಗೆ. ಭಾರವೆಲ್ಲ ಹಿಂದಕ್ಕೆ ಸರಿದರೆ ನೊಗ ಮೇಲೇಳುತ್ತದೆ. ಮುಂದಕ್ಕೆ ಸರಿದರೆ ಎತ್ತುಗಳ ಹೆಗಲು ಕುಗ್ಗುತ್ತದೆ. ಇರುಸಿನ ಮೇಲೆ ಭಾರವನ್ನು ಹದವಾಗಿ ಕೂರಿಸುವುದೇ ಗಾಡಿಯವನ ಜಾಣ್ಮೆ. ಇಂದು ಅರಸೀಕೆರೆಯಿಂದ ಬಾಣಾವರ, ಜಾವಗಲ್ಲುಗಳನ್ನು ಹಾದು ಹಳೇಬೀಡು, ಬೇಲೂರುಗಳತ್ತ ಸಾಗುವ ರಸ್ತೆಯಲ್ಲಿ ಆ ಗಾಡಿಯ ಕೆಲಸವನ್ನು ಪಿಕಪ್ ವಾಹನವು ವಹಿಸಿಕೊಂಡಿದೆ. ಈ ಸೀಮೆಯ ತೆಂಗಿನಕಾಯಿ, ಆಲೂಗೆಡ್ಡೆ, ಶುಂಠಿಗಳೆಲ್ಲ ಅದರ ಬೆನ್ನೇರಿ ಪೇಟೆ ಸೇರುತ್ತವೆ. ವಾಹನ ಬದಲಾಯಿತು, ಸಮತೋಲದ ಸಮಸ್ಯೆ ಮಾತ್ರ ಬದಲಾಗಲಿಲ್ಲ.

ಕೆಲವು ವರ್ಷ ದುಡಿದ ಪಿಕಪ್ಪಿನ ಹಿಂಭಾಗ ತಗ್ಗುವುದುಂಟು. ಆಗ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಸ್ಟೀರಿಂಗು ಹಗುರವಾಗುತ್ತದೆ. ರಾತ್ರಿ ದೀಪದ ಬೆಳಕು ಎದುರು ಬರುವವರ ಕಣ್ಣಿಗೇ ಹೊಡೆಯುತ್ತದೆ. “ಹಿಂದೆ ಕೂತುಬಿಟ್ಟಿದೆ ಅಣ್ಣಾ, ಒಂದೆರಡು ಇಂಚು ಎತ್ತಿಕೊಡು” ಎಂದು ಚಾಲಕನು ಗ್ಯಾರೇಜಿನ ಬಾಗಿಲಿಗೆ ಬರುತ್ತಾನೆ. ಎಲ್ಲಕ್ಕಿಂತ ಅಗ್ಗದ ಉಪಾಯವೊಂದು ಅಲ್ಲಿ ಸಿದ್ಧವಾಗಿರುತ್ತದೆ. ಅದೇ ಬ್ಲಾಕು.

ಬ್ಲಾಕು ಮಾಡುವುದೇನು?

ಪಿಕಪ್ಪಿನ ಹಿಂಭಾಗವನ್ನು ಹೊರುವುದು ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಅದರ ನಡುಭಾಗವನ್ನು ಯು ಆಕಾರದ ಬೋಲ್ಟುಗಳು ಆಕ್ಸಲ್ಲಿಗೆ ಬಿಗಿದು ಹಿಡಿದಿರುತ್ತವೆ. ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಲೋಹದ ಗಟ್ಟಿಯೊಂದನ್ನು ಇಟ್ಟು, ಉದ್ದನೆಯ ಹೊಸ ಬೋಲ್ಟುಗಳಿಂದ ಬಿಗಿದರೆ ಗಟ್ಟಿಯ ದಪ್ಪದಷ್ಟೇ ಗಾಡಿ ಮೇಲೇಳುತ್ತದೆ. ಪಟ್ಟಿಗಳು ಆಕ್ಸಲ್ಲಿನ ಮೇಲೆ ಕುಳಿತ ವಾಹನಗಳಿಗೆ ಮಾತ್ರ ಈ ಮಾತು ಸಲ್ಲುತ್ತದೆ; ಕೆಳಗೆ ತೂಗುವ ಪಟ್ಟಿಗಳಾದರೆ ಅದೇ ಬ್ಲಾಕು ಗಾಡಿಯನ್ನು ತಗ್ಗಿಸಿಬಿಡುತ್ತದೆ!

ಆದರೆ ಎತ್ತರ ಬೇರೆ, ಬಲ ಬೇರೆ. ಬ್ಲಾಕಿನಿಂದ ಪಟ್ಟಿಗಳ ಶಕ್ತಿ ಎಳ್ಳಷ್ಟೂ ಹೆಚ್ಚುವುದಿಲ್ಲ. 1.5 ಟನ್ ಹೊರಲೆಂದು ನಿರ್ಮಿಸಿದ ಗಾಡಿ ಬ್ಲಾಕು ಹಾಕಿದ ಮೇಲೂ 1.5 ಟನ್ನಿನ ಗಾಡಿಯೇ. ಹೊಸ ಪಿಕಪ್ಪು ಬರಿದಾಗಿರುವಾಗ ಹಿಂಭಾಗ ತುಸು ಎತ್ತರವಾಗಿ ಕಾಣುವುದೂ ದೋಷವಲ್ಲ. ಹೇರು ಬಿದ್ದಾಗ ಸಮನಾಗಲೆಂದೇ ತಯಾರಕರು ಹಾಗೆ ಇಟ್ಟಿರುತ್ತಾರೆ.

ಕಾಣದ ಅಪಾಯ

ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಭಾರಕ್ಕೆ ತಕ್ಕಂತೆ ಏರಿಳಿಸುವ ಒಂದು ಕವಾಟವಿದೆ. ಚಾಸಿಗೂ ಆಕ್ಸಲ್ಲಿಗೂ ಇರುವ ಅಂತರವೇ ಅದಕ್ಕೆ ತಕ್ಕಡಿ. ಬ್ಲಾಕು ಆ ಅಂತರವನ್ನು ಹೆಚ್ಚಿಸಿದೊಡನೆ ಕವಾಟವು ಗಾಡಿ ಬರಿದಾಗಿದೆಯೆಂದು ಭ್ರಮಿಸಿ, ತುಂಬಿದ ಗಾಡಿಗೂ ಹಿಂದಿನ ಬ್ರೇಕನ್ನು ಮಿತವಾಗಿಯೇ ಕೊಡುತ್ತದೆ. ಬೇಲೂರಿನಿಂದ ಮೂಡಿಗೆರೆ ದಾಟಿ ಚಾರ್ಮಾಡಿ ಘಟ್ಟವನ್ನಿಳಿಯುವ ಚಾಲಕನಿಗೆ ಇದು ಪ್ರಾಣದ ಪ್ರಶ್ನೆ. ಬ್ಲಾಕು ಹಾಕಿದವರು ಆ ಕವಾಟದ ಸರಳನ್ನು ಮತ್ತೆ ಹೊಂದಿಸಲೇಬೇಕು.

ಇನ್ನೂ ಕೆಲವು ಎಚ್ಚರಿಕೆಗಳಿವೆ. ಒಂದರ ಮೇಲೊಂದು ಬ್ಲಾಕು ಪೇರಿಸಬಾರದು. ಮರದ ತುಂಡನ್ನಂತೂ ಇಡಲೇಬಾರದು. ಬ್ಲಾಕಿನ ಮೊಳೆ ಆಕ್ಸಲ್ಲಿನ ಪೀಠದ ರಂಧ್ರದಲ್ಲಿಯೂ, ಪಟ್ಟಿಗಳ ನಡುಬೋಲ್ಟಿನ ತಲೆ ಬ್ಲಾಕಿನ ರಂಧ್ರದಲ್ಲಿಯೂ ಸರಿಯಾಗಿ ಕೂರಬೇಕು. ಬೋಲ್ಟುಗಳನ್ನು ಕರ್ಣಾಕಾರವಾಗಿ ಸರದಿಯಂತೆ ಬಿಗಿದು, ಸ್ವಲ್ಪ ದೂರ ಓಡಿಸಿದ ಬಳಿಕ ಮತ್ತೊಮ್ಮೆ ಬಿಗಿಯಬೇಕು. ಬ್ರೇಕಿನ ಕೊಳವೆ ಎಳೆದಂತಾಗಿದೆಯೆ, ಶಾಕ್ ಅಬ್ಸಾರ್ಬರಿನ ಉದ್ದ ಸಾಲುತ್ತದೆಯೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟಿದೆಯೆ ಎಂಬುದನ್ನೂ ನೋಡಬೇಕು. ಸ್ಟೀರಿಂಗಿಗೆ ಸೇರಿದ ಮುಂದಿನ ಆಕ್ಸಲ್ಲಿಗೆ ಬ್ಲಾಕು ಸಲ್ಲದು.

ನಿಜವಾದ ಚಿಕಿತ್ಸೆ

ಹಾಗಾದರೆ ಮೊದಲು ಮಾಡಬೇಕಾದುದೇನು? ಬರಿದಾದ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನಾಲ್ಕು ಕಡೆಯೂ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಬೇಕು. ಹಿಂದಿನ ಒಂದು ಮಗ್ಗುಲು ಮಾತ್ರ ತಗ್ಗಿದ್ದರೆ ಪಟ್ಟಿ ಮುರಿದಿರಬಹುದು. ಎರಡೂ ತಗ್ಗಿದ್ದರೆ ಪಟ್ಟಿಗಳು ಬಾಗು ಕಳೆದುಕೊಂಡಿವೆಯೆಂದೇ ಅರ್ಥ. ಇಂಥಲ್ಲಿ ಮುರಿದ ಪಟ್ಟಿಯನ್ನು ಬದಲಿಸುವುದು, ದಣಿದ ಕಟ್ಟಿನ ಸ್ಥಾನದಲ್ಲಿ ತಯಾರಕರ ಅಳತೆಯ ಹೊಸ ಕಟ್ಟನ್ನು ಹಾಕಿಸುವುದು ಸರಿಯಾದ ದಾರಿ. ಖರ್ಚು ಹೆಚ್ಚಾದರೂ ಅದು ರೋಗಕ್ಕೆ ಮದ್ದು; ಬ್ಲಾಕು ರೋಗವನ್ನು ಮರೆಮಾಚುವ ಹೊದಿಕೆ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ ಎಂಬುದನ್ನೂ ಮರೆಯಬಾರದು.

ಈ ರಸ್ತೆಯಲ್ಲಿ ಸಾಗುವ ಚಾಲಕನು ಒಂದು ಗಳಿಗೆ ಹಳೇಬೀಡಿನಲ್ಲಿ ಗಾಡಿ ನಿಲ್ಲಿಸಲಿ. ಹನ್ನೆರಡನೆಯ ಶತಮಾನದ ಹೊಯ್ಸಳೇಶ್ವರ ದೇಗುಲವು ಎತ್ತರದ ಜಗತಿಯ ಮೇಲೆ ನಿಂತಿದೆ. ಆದರೆ ಅದರ ಗೋಡೆಯ ಕೆತ್ತನೆಯ ಸಾಲುಗಳಲ್ಲಿ ಎಲ್ಲಕ್ಕಿಂತ ಕೆಳಗೆ ಶಿಲ್ಪಿಗಳು ಇರಿಸಿದ್ದು ಆನೆಗಳನ್ನು. ಎತ್ತರ ಎಷ್ಟೇ ಇರಲಿ, ಹೊರುವ ಬಲ ಅಡಿಯಲ್ಲಿರಬೇಕು.