ಕಂದಿನ ಬಾಳೆ, ಬೀಜದ ಬಾಳೆ

ಪಚ್ಚಬಾಳೆ ಹಣ್ಣನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ನಡುವೆ ಸಣ್ಣ ಕಪ್ಪು ಚುಕ್ಕಿಗಳಿರುತ್ತವೆ. ಬೀಜವಾಗಬೇಕಿದ್ದ ಅಂಡಕಗಳು ಬಲಿಯದೆ ಹಾಗೇ ಉಳಿದಿವೆ. ಬಿತ್ತಿದರೆ ಅವುಗಳಿಂದ ಏನೂ ಹುಟ್ಟದು. ಆದರೂ ಬಾಳೆ ಸಾವಿರಾರು ವರ್ಷಗಳಿಂದ ಮನುಷ್ಯನ ಹಿತ್ತಲಲ್ಲಿ ಬಾಳಿದೆ. ಅದನ್ನು ಬಾಳಿಸಿದ್ದು ಕಂದು.

ಬಾಳೆಯ ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ನಾವು ದಿಂಡೆನ್ನುವುದನ್ನು ಸುತ್ತಿಕೊಂಡಿರುವುದು ಎಲೆಯ ಪಟ್ಟೆಗಳು. ಗೆಡ್ಡೆಯ ಪಕ್ಕದಲ್ಲಿ ಮೂಡಿದ ಮೊಗ್ಗು ಬೆಳೆದು ಕಂದಾಗುತ್ತದೆ. ಗೊನೆ ಕೊಟ್ಟ ತಾಯಿಗಿಡ ಸಾಯುತ್ತದೆ, ಕಂದು ಅದರ ಜಾಗ ಹಿಡಿಯುತ್ತದೆ. ಇಲ್ಲಿ ಪರಾಗವಿಲ್ಲ, ತಂದೆಯಿಲ್ಲ. ಜೀವಕೋಶಗಳು ಎರಡಾಗುತ್ತ ಹೋಗುವುದರಿಂದ ತಾಯಿಯ ವಂಶವಾಹಿಗಳೇ ಮಗುವಿಗೂ ಬರುತ್ತವೆ. ಇದೇ ನಿರ್ಲಿಂಗ ಸಂತಾನೋತ್ಪತ್ತಿ. ಶುಂಠಿ, ಕಬ್ಬು, ಆಲೂಗಡ್ಡೆಗಳನ್ನು ರೈತರು ಬೆಳೆಸುವುದೂ ಹೀಗೆಯೇ. ಮೆಚ್ಚಿದ ರುಚಿ ಮುಂದಿನ ಬೆಳೆಯಲ್ಲೂ ಸಿಗುವುದು ಇದರ ದೊಡ್ಡ ಲಾಭ.

ಬಾಳೆಗೆ ಬೀಜ ಏಕಿಲ್ಲ? ಕಾಡಿನ ಮೂಲ ಬಾಳೆಗಳಲ್ಲಿ 11ರಂತೆ ಎರಡು ಕಂತೆ, ಅಂದರೆ 22 ವರ್ಣತಂತುಗಳಿವೆ. ಪಚ್ಚಬಾಳೆಯಲ್ಲಿ ಮೂರು ಕಂತೆ, ಒಟ್ಟು 33. ಪರಾಗ ಮತ್ತು ಅಂಡ ರೂಪುಗೊಳ್ಳುವಾಗ ವರ್ಣತಂತುಗಳು ಎರಡೆರಡಾಗಿ ಕೂಡಿ ಸಮನಾಗಿ ಬೇರಾಗಬೇಕು. ಮೂರನೆಯದು ಉಳಿದುಬಿಟ್ಟರೆ ಪಾಲು ತಪ್ಪುತ್ತದೆ, ಬೀಜ ಕಟ್ಟುವುದಿಲ್ಲ. ಪರಾಗಸ್ಪರ್ಶವಿಲ್ಲದೆಯೂ ಕಾಯಿ ತಿರುಳು ತುಂಬಿಕೊಳ್ಳುವ ಗುಣವನ್ನು ಮನುಷ್ಯ ಆರಿಸಿ ಉಳಿಸಿಕೊಂಡ.

ಇದಕ್ಕೆ ಪೂರ್ತಿ ವಿರುದ್ಧವಾದ ನೆಂಟ ಪಶ್ಚಿಮಘಟ್ಟದ ಬಂಡೆಗಳ ಸಂದಿಯಲ್ಲಿದೆ: ಕಲ್ಲುಬಾಳೆ. ಬೇಸಿಗೆಯಲ್ಲಿ ಎಲೆ ಒಣಗಿ ಗೆಡ್ಡೆಯಷ್ಟೇ ಉಳಿಯುತ್ತದೆ, ಮಳೆ ಬಿದ್ದೊಡನೆ ಚಿಗುರುತ್ತದೆ. ಇದು ಕಂದು ಹಾಕುವುದಿಲ್ಲ. ಬದುಕಿನಲ್ಲಿ ಒಂದೇ ಸಲ ಹೂಬಿಟ್ಟು, ಗಟ್ಟಿ ಬೀಜಗಳನ್ನು ಕೊಟ್ಟು ಸಾಯುತ್ತದೆ. ಬೀಜದ ದಾರಿ ದುಬಾರಿ. ಹೂವಿಗೆ ಮಕರಂದ ಬೇಕು, ಪರಾಗ ಹೊರಲು ಬಾವಲಿ, ಸೂರಕ್ಕಿಯಂಥ ಅತಿಥಿಗಳು ಬೇಕು, ಬಿದ್ದ ಬೀಜಗಳಲ್ಲಿ ಮೊಳೆಯುವುದು ಕೆಲವು ಮಾತ್ರ. ಆದರೆ ಪ್ರತಿ ಬೀಜವೂ ತಂದೆತಾಯಿಯರ ವಂಶವಾಹಿಗಳ ಹೊಸ ಕೂಟ. ಒಂದಕ್ಕೆ ತಗುಲಿದ ರೋಗ ಇನ್ನೊಂದರ ಮುಂದೆ ಸೋಲಬಹುದು.

ಈ ವ್ಯತ್ಯಾಸದ ಬೆಲೆಯನ್ನು ಜಗತ್ತು ಪನಾಮ ಸೊರಗು ರೋಗದಿಂದ ಕಲಿಯಿತು. ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ನುಗ್ಗಿ ನೀರಿನ ನಾಳಗಳನ್ನು ಕಟ್ಟುತ್ತದೆ. ಎಲೆ ಹಳದಿಯಾಗಿ ಜೋತುಬೀಳುತ್ತದೆ, ಗಿಡ ಸಾಯುತ್ತದೆ. ಅಮೆರಿಕ, ಯುರೋಪ್‌ಗಳ ಮಾರುಕಟ್ಟೆಯನ್ನು ಆಳಿದ್ದ ಗ್ರೋ ಮಿಶೆಲ್ ತಳಿ 1950-60ರ ದಶಕಗಳಲ್ಲಿ ಇದರಿಂದಲೇ ನೆಲಕಚ್ಚಿತು. ಅದರ ಜಾಗಕ್ಕೆ ಬಂದದ್ದು ನಮ್ಮ ಪಚ್ಚಬಾಳೆಯ ಗುಂಪಾದ ಕ್ಯಾವೆಂಡಿಶ್. ಈಗ ಅದನ್ನೂ ಕೊಲ್ಲುವ, ಇದೇ ಶಿಲೀಂಧ್ರದ ‘ಟಿಆರ್4’ ಎಂಬ ಬಗೆ ಏಷ್ಯಾದಲ್ಲಿ ಹರಡಿ, 2019ರಲ್ಲಿ ಕೊಲಂಬಿಯಾ ತಲುಪಿತು. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ನಂಜನಗೂಡು ರಸಬಾಳೆ ಅಪರೂಪವಾಗುವುದಕ್ಕೂ ಸೊರಗು ರೋಗವೇ ದೊಡ್ಡ ಕಾರಣ. ಒಂದೇ ವಂಶವಾಹಿಯ ತೋಟದಲ್ಲಿ ಒಂದು ಗಿಡ ಸೋತರೆ ಎಲ್ಲವೂ ಸೋಲುತ್ತವೆ. ಸಾಲದ್ದಕ್ಕೆ ರೋಗವಿರುವ ತೋಟದ ಕಂದು ಶಿಲೀಂಧ್ರವನ್ನೂ ಹೊತ್ತು ತರುತ್ತದೆ. ಅಂಗಾಂಶ ಕೃಷಿಯ ಸಸಿ ರೋಗವಿಲ್ಲದೆ ಬರುತ್ತದೆ, ಆದರೆ ಅದೂ ತಾಯಿಯ ಪಡಿಯಚ್ಚೇ. ಸೋಂಕಿದ ಮಣ್ಣಿನಲ್ಲಿ ನೆಟ್ಟರೆ ಅದಕ್ಕೂ ರಕ್ಷಣೆಯಿಲ್ಲ.

ಪರಿಹಾರಕ್ಕಾಗಿ ವಿಜ್ಞಾನಿಗಳು ಮರಳಿ ಹೋದದ್ದು ಬೀಜದ ಬಾಳೆಯ ಬಳಿಗೆ. ಕ್ವೀನ್ಸ್‌ಲ್ಯಾಂಡ್ ತಂತ್ರಜ್ಞಾನ ವಿಶ್ವವಿದ್ಯಾಲಯದ ತಂಡ ಆಗ್ನೇಯ ಏಷ್ಯಾದ ಕಾಡುಬಾಳೆಯೊಂದರ ವಂಶವಾಹಿಯನ್ನು ಕ್ಯಾವೆಂಡಿಶ್‌ಗೆ ಸೇರಿಸಿ ಟಿಆರ್4 ತಡೆಯುವ ತಳಿ ರೂಪಿಸಿತು. 2024ರಲ್ಲಿ ಆಸ್ಟ್ರೇಲಿಯಾ ಅದಕ್ಕೆ ಅನುಮತಿ ನೀಡಿತು. ಆ ಕಾಡುಬಾಳೆ ಮೊದಲೇ ಅಳಿದಿದ್ದರೆ ಈ ದಾರಿಯೇ ಇರುತ್ತಿರಲಿಲ್ಲ.

ಕಂದು ಇಂದಿನ ಊಟ ಕೊಡುತ್ತದೆ, ಬೀಜ ನಾಳಿನದನ್ನು ಕಾಯುತ್ತದೆ. ಬಾಳೆ ಬೆಳೆಯುವವರು ರೋಗವಿಲ್ಲದ ತೋಟದಿಂದಲೇ ಕಂದು ತನ್ನಿ, ಒಂದೇ ತಳಿಗೆ ಜೋತುಬೀಳದೆ ಏಲಕ್ಕಿ, ನೇಂದ್ರ, ರಸಬಾಳೆಗಳಿಗೂ ಜಾಗ ಕೊಡಿ. ಕೊಳ್ಳುವವರು ಅವನ್ನೂ ಕೇಳಿ ಕೊಳ್ಳಿ. ಘಟ್ಟದ ಕಾಡುಬಾಳೆ, ಕಲ್ಲುಬಾಳೆಗಳನ್ನು ಅವು ಇರುವಲ್ಲೇ ಉಳಿಯಲು ಬಿಡಿ.