ಅಟ್ಟದ ಮೇಲಿನ ಪಾಠಕ್ಕೆ ಇಂಗ್ಲಿಷ್ ಮಾತು

"ಇಪ್ಪತ್ತಕ್ಕೆ ಆರು ಬಂದಿದೆ, ಮನೆಯಲ್ಲಿ ಸ್ವಲ್ಪ ಓದಿಸಿ" ಎಂದು ಶಾಲೆಯಲ್ಲಿ ಹೇಳಿದಾಗ ತಲೆ ಎತ್ತಲಾಗಲಿಲ್ಲ. ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಚುರುಕಾಗಿದ್ದ ಮಗಳು. ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದವರು ನಾವೇ. ಒಂದು ವರ್ಷ ಬಾಯಿಪಾಠದಲ್ಲೇ ದಾಟಿದಳು. ಒಂಬತ್ತರಲ್ಲಿ ಅದು ಕೈಕೊಟ್ಟಿತು. ನೀರು ಆವಿಯಾಗುವುದು ಯಾವ ಯಾವ ಕಾರಣದಿಂದ ಹೆಚ್ಚು ಕಡಿಮೆಯಾಗುತ್ತದೆ ಎಂಬ ಪ್ರಶ್ನೆಗೆ ಅರ್ಧ ಸಾಲು ಬರೆದು ಸುಮ್ಮನೆ ಕೂತಿದ್ದಳಂತೆ. ಎಸ್.ಎಸ್.ಎಲ್.ಸಿ.ವರೆಗೆ ಕನ್ನಡದಲ್ಲೇ ಓದಿದ ನಾನು ಏನು ತಾನೆ ಹೇಳಿಕೊಡಲಿ?

ಅದೇ ವಾರ ನಮ್ಮತ್ತೆಯವರು ಕೆಳಗೆ ನಿಂತು, "ಕಾಯಿ ಅಲುಗಿಸಿ ನೋಡು ಮಗ, ಕೊಬ್ಬರಿ ಆಗೈತಾ?" ಎಂದು ಅವಳನ್ನು ಅಟ್ಟ ಹತ್ತಿಸಿದ್ದರು. ಅರಳಗುಪ್ಪೆಯ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೇರೆ ಊರಿನ ಸೋದರಿಯರಿಗಾಗಿ ಹೇಳುತ್ತೇನೆ: ಬಲಿತ ಕಾಯನ್ನು ಮಟ್ಟೆ ಸಮೇತ ಎಂಟರಿಂದ ಹನ್ನೆರಡು ತಿಂಗಳು ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರು ಆರಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಅಲುಗಿಸಿದರೆ ಗಡಗಡ ಎನ್ನುತ್ತದೆ. ಅದೇ ತಿಪಟೂರು ಮಾರುಕಟ್ಟೆಗೆ ಹೋಗುವ ಉಂಡೆ ಕೊಬ್ಬರಿ.

"ಎಲ್ಲಾ ಕಾಯೂ ಒಟ್ಟಿಗೆ ಯಾಕೆ ಆಗಲ್ಲ?" ಎಂದು ನಾನು ಸುಮ್ಮನೆ ಕೇಳಿದೆ.

"ಮಳೆಗಾಲದಲ್ಲಿ ಗಾಳೀಲೇ ತೇವ ಇರುತ್ತಲ್ಲಮ್ಮ, ಆರೋದಿಲ್ಲ. ಬೇಸಿಗೇಲಿ ಬೇಗ. ಗಾಳಿ ಆಡೋ ಕಡೆ ಇನ್ನೂ ಬೇಗ. ನಿನ್ನ ಸೀರೆ ಮುದ್ದೆ ಮಾಡಿಟ್ರೆ ಒಣಗುತ್ತಾ? ಹರವಿದ್ರೆ ತಾನೆ?"

ತೇವಾಂಶ, ಉಷ್ಣತೆ, ಗಾಳಿಯ ವೇಗ, ಮೇಲ್ಮೈ ವಿಸ್ತೀರ್ಣ. ಪುಸ್ತಕ ಕೇಳಿದ ನಾಲ್ಕು ಕಾರಣವೂ ಅವಳ ಬಾಯಲ್ಲಿ ಬಂದವು! ಹಾಗಾದರೆ ಹುಡುಗಿಗೆ ವಿಜ್ಞಾನ ಬರುವುದಿಲ್ಲ ಎನ್ನುವುದು ಹೇಗೆ? ಬಾರದಿದ್ದುದು ಅದನ್ನು ಹೇಳುವ ಇಂಗ್ಲಿಷ್.

ಆಮೇಲೆ ಇಬ್ಬರೂ ಕೂತು ನೋಡಿದೆವು. 'ಇವ್ಯಾಪರೇಷನ್' ಎಂಬ ದೊಡ್ಡ ಮಾತು ಅವಳಿಗೆ ಗೊತ್ತಿತ್ತು. ಅಂಥ ಮಾತುಗಳೇನು, ಕನ್ನಡದಲ್ಲೂ ಕಷ್ಟವೇ. 'ಬಾಷ್ಪೀಕರಣ'ವನ್ನು ನಾನು ಎಂದಾದರೂ ಅಡುಗೆಮನೆಯಲ್ಲಿ ಆಡಿದ್ದುಂಟೇ? ಅವಳು ಎಡವುತ್ತಿದ್ದುದು ಸಣ್ಣ ಮಾತುಗಳಲ್ಲಿ. ಬಿಕಾಸ್, ದೇರ್‌ಫೋರ್, ಇಫ್, ಫಾಸ್ಟರ್ ದ್ಯಾನ್. ಕಾರಣ ಹೇಳಲು, ಹೋಲಿಸಲು ಇವಿಲ್ಲದೆ ಆಗದು. ವಿಜ್ಞಾನದ ಮೇಷ್ಟ್ರು ಇದು ಇಂಗ್ಲಿಷಿನವರ ಕೆಲಸ ಎನ್ನುತ್ತಾರೆ. ಇಂಗ್ಲಿಷಿನವರು ಪದ್ಯ, ಪತ್ರಲೇಖನ ಮುಗಿಸುವುದರಲ್ಲಿರುತ್ತಾರೆ. ನಡುವೆ ಮಗು ಬಾಯಿಪಾಠಕ್ಕೆ ಬೀಳುತ್ತದೆ.

ವಿಷಯವನ್ನೂ ಭಾಷೆಯನ್ನೂ ಒಟ್ಟಿಗೆ ಕಲಿಸುವ ಪದ್ಧತಿ ಹೊರದೇಶಗಳಲ್ಲಿ ಹಳೆಯದು. ಕೆನಡಾದ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟಿನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚಿನಲ್ಲಿ ಪಾಠ ಶುರುವಾಯಿತು. ಹಟ ಹಿಡಿದು ಮಾಡಿಸಿದವರು ತಂದೆತಾಯಂದಿರೇ. ಮಕ್ಕಳು ಫ್ರೆಂಚ್ ಕಲಿತರು, ಇಂಗ್ಲಿಷೂ ಕೆಡಲಿಲ್ಲ. ಆದರೆ ಅಲ್ಲಿ ಮನೆಮಾತಿಗೆ ಊರಲ್ಲಿ ಮರ್ಯಾದೆ ಇತ್ತು. ನಮ್ಮಲ್ಲಿ ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಹಾಕುವವರೂ ಇದ್ದಾರೆ, ಹಾಗಾಗಿ ಅಲ್ಲಿಯದನ್ನು ಇಲ್ಲಿಗೆ ಹಾಗೇ ತಂದಿಡಲಾಗದು.

ಕೆನಡಾದವರೇ ಆದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರ ಮಾತು ನನಗೆ ಧೈರ್ಯ ಕೊಟ್ಟಿತು. ಹೊಸ ಭಾಷೆಯಲ್ಲಿ ಆಟದ ಬಯಲಿನ ಮಾತು ಎರಡು ವರ್ಷದಲ್ಲಿ ಬಂದೀತು. ಪಾಠದ ಭಾಷೆಗೆ ಐದರಿಂದ ಏಳು ವರ್ಷ ಬೇಕು ಎಂದರು. ಅದೂ ಸುತ್ತ ಎಲ್ಲರೂ ಇಂಗ್ಲಿಷ್ ಆಡುವ ದೇಶದಲ್ಲಿ! ಒಂದು ವರ್ಷಕ್ಕೇ ನಾವು ಮಕ್ಕಳನ್ನು ದಡ್ಡರೆನ್ನುತ್ತೇವೆ. ಒಂದು ಭಾಷೆಯಲ್ಲಿ ತಿಳಿದ ವಿಷಯ ಇನ್ನೊಂದರಲ್ಲೂ ಒದಗುತ್ತದೆ ಎಂದೂ ಅವರು ಹೇಳಿದ್ದಾರೆ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. 2019ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. 2024ರ ಬಜೆಟ್ಟಿನಲ್ಲಿ ಎರಡು ಸಾವಿರ ಪ್ರಾಥಮಿಕ ಶಾಲೆಗಳನ್ನು ದ್ವಿಭಾಷಾ ಶಾಲೆ ಮಾಡುವ ಮಾತು ಬಂತು. ಎರಡು ಭಾಷೆಯ ಪುಸ್ತಕ ಕೊಟ್ಟರೆ ಸಾಲದು, ಮೇಷ್ಟ್ರಿಗೂ ಅದನ್ನು ಕಲಿಸಬೇಕೆಂದು ನನ್ನ ಅನಿಸಿಕೆ.

ಮನೆಯಲ್ಲಿ ನಾವು ಮಾಡಿದ್ದು ಇಷ್ಟೆ. ಪಕ್ಕದ ಮನೆಯ ಹುಡುಗನಿಂದ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕ ತಂದೆವು. ಪಾಠ ಅವೇ, ಚಿತ್ರಗಳೂ ಅವೇ. ಮೊದಲು ಕನ್ನಡದಲ್ಲಿ ಓದಿ ನನಗೆ ಹೇಳಬೇಕು. ನನಗೆ ಅರ್ಥವಾಗದಿದ್ದರೆ ಅವಳಿಗೂ ಆಗಿಲ್ಲವೆಂದೇ ಲೆಕ್ಕ. (ಇದಕ್ಕೆ ತಾಯಿಗೆ ಇಂಗ್ಲಿಷ್ ಬರಬೇಕಾಗಿಲ್ಲ, ನೋಡಿ.) ಆಮೇಲೆ ಇಂಗ್ಲಿಷ್ ಪುಸ್ತಕ ತೆಗೆದು, ಆ ಸಣ್ಣ ಮಾತುಗಳಿಗೆ ಗೆರೆ ಎಳೆದು, ಅದೇ ಸಂಗತಿಯನ್ನು ಸ್ವಂತ ಸಾಲಿನಲ್ಲಿ ಬರೆಯುವುದು. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ, ಅವರದರಲ್ಲಿ ನಡುವೆ ಎಂಬುದನ್ನು ಅವಳೇ ಕಂಡುಕೊಂಡಳು. ಲೆಕ್ಕದಲ್ಲೂ ಹೀಗೇ. 'ಲೆಸ್ ದ್ಯಾನ್' ಅಂದರೇನೆಂದು ತಿಳಿಯದೆ ಕಳೆಯುವ ಕಡೆ ಕೂಡುತ್ತಿದ್ದಳು.

ಐದನೆಯ ತರಗತಿಯ ಮಗನಿಗೆ ಇಂಗ್ಲಿಷಿನ ದಿಕ್ಕುಗಳು ಗೊಂದಲವಾಗುತ್ತಿದ್ದವು. ಊರಿನ ಕಲ್ಲೇಶ್ವರ ಗುಡಿಗೆ ಕರೆದುಕೊಂಡು ಹೋದೆ. ಅಲ್ಲಿಯ ಒಳಮಾಳಿಗೆಯಲ್ಲಿ ಕುಣಿಯುವ ಶಿವನ ಸುತ್ತ ಅಷ್ಟದಿಕ್ಪಾಲಕರಿದ್ದಾರಲ್ಲ! ಇಂದ್ರ ಈಸ್ಟ್, ವರುಣ ವೆಸ್ಟ್, ಕುಬೇರ ನಾರ್ತ್, ಈಶಾನ ನಾರ್ತ್ ಈಸ್ಟ್. ಎರಡು ಸಲ ಕತ್ತೆತ್ತಿ ನೋಡಿದವನು ಮರೆಯಲಿಲ್ಲ.

ಇಂಗ್ಲಿಷ್ ಬಂದರೆ ಕನ್ನಡ ಹೋಗುತ್ತದೆ ಎಂದು ನಮ್ಮವರು ಒಮ್ಮೊಮ್ಮೆ ಗೊಣಗುತ್ತಾರೆ. ಆಗ ನಾನು ಬಿ.ಎಂ. ಶ್ರೀಕಂಠಯ್ಯನವರ ಹೆಸರು ಹೇಳುತ್ತೇನೆ. ಪಕ್ಕದ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದವರು. ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡ ಕಟ್ಟಿದರು.

ಅರ್ಧವಾರ್ಷಿಕದಲ್ಲಿ ಮಗಳಿಗೆ ವಿಜ್ಞಾನದಲ್ಲಿ ನೂರಕ್ಕೆ ಐವತ್ತೆಂಟು ಬಂತು. ಕಾಗುಣಿತಕ್ಕೆ ಒಂದೆರಡು ಅಂಕ ಹೋಗಿದೆ. ಸಮಾಜ ವಿಜ್ಞಾನದಲ್ಲಿ ಇನ್ನೂ ತಿಣುಕುತ್ತಿದ್ದಾಳೆ. ಮೊನ್ನೆ ಅತ್ತೆಯವರು, "ಎಳನೀರಿಗೆ ಇಂಗ್ಲಿಷಲ್ಲಿ ಏನಂತಾರೆ ಮಗ?" ಎಂದರು.

"ಪಾಠದಲ್ಲಿ ಬರೆಯೋದಾದ್ರೆ ಲಿಕ್ವಿಡ್ ಎಂಡೋಸ್ಪರ್ಮ್, ಅಜ್ಜಿ. ಒಳಗಿನ ಮೊಳಕೆಗೆ ಊಟ ಅದು."

"ಹಂಗಾದ್ರೆ ಮೊಳಕೆ ಊಟಾನ ನಾವು ಕುಡೀತೀವಾ!" ಎಂದು ಅತ್ತೆಯವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು.