ದಿಬ್ಬಣಕ್ಕೆ ಮಾಫಿ, ಬೇಕರಿಗೆ ಬಿಲ್ಲು!

ಶಿವಾಜಿನಗರ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರ ಕಿವಿಗೆ ಮೊದಲು ಬೀಳುವುದು ಕಂಡಕ್ಟರ್ ಕೂಗು, ಆಮೇಲೆ ಸಿನಿಮಾ ಹಾಡು. ಹಾಡು ಬರುವುದು ಬೇಕರಿಯಿಂದಲೋ ಮೊಬೈಲ್ ಅಂಗಡಿಯಿಂದಲೋ. "ಫೋನ್ ನಂದು, ಸ್ಪೀಕರ್ ನಂದು, ಕರೆಂಟ್ ಬಿಲ್ಲೂ ನಂದೇ. ಹಾಡಿಗೆ ಬೇರೆ ಯಾರಿಗೆ ಸಾರ್ ಕಾಸು ಕೊಡೋದು?" ಎಂದು ಅಂಗಡಿಯವರು ಕೇಳಿದರೆ ತಪ್ಪೇನಿಲ್ಲ. ಆದರೆ 1957ರ ಕಾಪಿರೈಟ್ ಕಾಯ್ದೆಯ ಲೆಕ್ಕವೇ ಬೇರೆ.

ಗಿರಾಕಿಗಳಿಗೆ ಕೇಳಲೆಂದು ಹಾಡು ಹಾಕಿದರೆ ಅದು ಸಾರ್ವಜನಿಕ ಬಳಕೆ; ಲೈಸೆನ್ಸ್ ಬೇಕು. ಅದೂ ಒಂದಲ್ಲ! ಸಾಹಿತ್ಯ ಮತ್ತು ರಾಗದ ಹಕ್ಕು ಒಂದು, ರೆಕಾರ್ಡಿಂಗ್ ಹಕ್ಕು ಇನ್ನೊಂದು. ಮೊದಲನೆಯದಕ್ಕೆ ಐಪಿಆರ್‌ಎಸ್, ಎರಡನೆಯದಕ್ಕೆ ಪಿಪಿಎಲ್‌ನಂಥ ಕಂಪನಿಗಳು ವಸೂಲಿಗೆ ಬರುತ್ತವೆ. ಬಂದವರನ್ನು ಸುಮ್ಮನೆ ಬೈದು ಕಳಿಸಬೇಡಿ. ಯಾವ ಹಕ್ಕು, ಯಾರ ಹಾಡು ಎಂದು ಕಾಗದ ಕೇಳಿ. ಗೊತ್ತಿದ್ದೂ ಹಕ್ಕು ಮೀರಿದ್ದು ಸಾಬೀತಾದರೆ 63ನೇ ಕಲಮಿನಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲಿದೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡವೂ ಇದೆ.

ಇನ್ನು ತಮಾಷೆ ನೋಡಿ. ಅದೇ ಹಾಡನ್ನು ಬ್ಯಾಂಡ್‌ಸೆಟ್ಟಿನವರು ಅದೇ ಬೇಕರಿ ಮುಂದೆ ಮದುವೆ ದಿಬ್ಬಣದಲ್ಲಿ ಬಾರಿಸಿದರೆ ಮಾಫಿ! ನಿಜವಾದ ಧಾರ್ಮಿಕ ಸಮಾರಂಭ ಮತ್ತು ಮದುವೆ ಸಡಗರಕ್ಕೆ 52ನೇ ಕಲಮು ವಿನಾಯಿತಿ ಕೊಟ್ಟಿದೆ. ಹಲಸೂರು ಸೋಮೇಶ್ವರನ ಉತ್ಸವವಾಗಲಿ, ಸೆಪ್ಟೆಂಬರ್ 8ರ ಸೇಂಟ್ ಮೇರಿ ತೇರಾಗಲಿ, ವಾದ್ಯಕ್ಕೆ ಭಯವಿಲ್ಲ. ಮದುವೆಗಳಿಗೆ ರಾಯಲ್ಟಿ ಕೇಳುವಂತಿಲ್ಲ ಎಂದು ಕೇಂದ್ರ ಸರ್ಕಾರ 24-7-2023ರಂದು ಪ್ರಕಟಣೆಯನ್ನೂ ಹೊರಡಿಸಿತು.

ಹಾಗಂತ ಹಾಡು ಕಟ್ಟಿದವರ ಹೊಟ್ಟೆಯ ಮಾತೇನು? 1977ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಸಿನಿಮಾ ಹಾಡಿನ ಲಾಭವೆಲ್ಲ ಹೆಚ್ಚಾಗಿ ನಿರ್ಮಾಪಕರ ಕೈ ಸೇರಿತ್ತು. ಕವಿಗೂ ಸಂಗೀತ ನಿರ್ದೇಶಕರಿಗೂ ರಾಯಲ್ಟಿಯ ಪಾಲು ಬಿಟ್ಟುಕೊಡಲಾಗದ ಹಕ್ಕಾದದ್ದು 2012ರ ತಿದ್ದುಪಡಿಯಲ್ಲಿ. ಈ ಒಂದು ಕಾರಣಕ್ಕೆ ನನಗೆ ಬಿಲ್ಲಿನ ಮೇಲೆ ಪೂರ್ತಿ ಸಿಟ್ಟಿಲ್ಲ.

ಸಿಟ್ಟು ಬರುವುದು ರೀಮಿಕ್ಸ್ ಹುಡುಗರನ್ನು ನೆನೆದಾಗ. ಹಿಂದೆ ಹಾಡು ಬಂದ ಎರಡು ವರ್ಷಕ್ಕೆ ಬೇರೆಯವರ ಕಂಠದಲ್ಲಿ ಅದರ ಕ್ಯಾಸೆಟ್ ತರಬಹುದಿತ್ತು. 2012ರ ನಂತರ ಐದು ವರ್ಷ ಕಾಯಬೇಕು, ವರ್ಷಕ್ಕೆ ಕನಿಷ್ಠ 50 ಸಾವಿರ ಪ್ರತಿಗಳ ರಾಯಲ್ಟಿಯನ್ನು ಮುಂಗಡ ಕಟ್ಟಬೇಕು. ಹಲಸೂರಿನ ಗಲ್ಲಿ ಆರ್ಕೆಸ್ಟ್ರಾದವರು ಎಲ್ಲಿಂದ ತರುತ್ತಾರೆ ಸ್ವಾಮಿ? ಇಷ್ಟೆಲ್ಲ ಕಟ್ಟಿದರೂ ಹಾಡನ್ನು ಮನಬಂದಂತೆ ತಿರುಚುವ ಹಾಗಿಲ್ಲ.

ದೊಡ್ಡವರಿಗೂ ಇದು ಬಿಟ್ಟಿಲ್ಲ. ಭಾರತ್ ಜೋಡೋ ಯಾತ್ರೆಯ ವಿಡಿಯೋಗೆ 'ಕೆಜಿಎಫ್-2'ರ ಹಾಡು ಬಳಸಿದರೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟಿತು. ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು 2022ರ ನವೆಂಬರ್ 7ರಂದು ಕೋರ್ಟ್ ಹೇಳಿತು. ಮರುದಿನವೇ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ವಿವಾದದ ತುಣುಕು ತೆಗೆಯಬೇಕೆಂಬ ಷರತ್ತು ಹಾಕಿತು.

ಬಹಳ ಹಳೇ ಹಾಡು ಹಾಕಿದರೆ ಬಚಾವಾ? ರೆಕಾರ್ಡಿಂಗ್ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ, ನಿಜ. ಸಾಹಿತ್ಯ, ರಾಗದ ಹಕ್ಕು ಮಾತ್ರ ಕವಿ, ಸಂಗೀತಗಾರ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.